ಬಲ್ಮಠದ ಚರ್ಚ್ ಮತ್ತು ನಮ್ಮ ಮಾಡಿನ ಹಂಚು

ಊರಿಗೆ ಬಂದ ನೆಂಟರು ಮಂಗಳೂರಿನಲ್ಲಿ ಚರ್ಚ್ ನೋಡಬೇಕು ಅಂದರೆ ನಾವು ಸೀದಾ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗುತ್ತೇವೆ. ತಪ್ಪೇನಿಲ್ಲ, ಅಲ್ಲಿನ ಚಿತ್ರಗಳು ಹಾಗಿವೆ. ಟೈಮ್ ಉಳಿದರೆ ಮಿಲಾಗ್ರಿಸ್, ರೊಸಾರಿಯೊ. ಬಲ್ಮಠದ ಶಾಂತಿ ಕೆಥೆಡ್ರಲ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ದಿನಾ ಬಲ್ಮಠದ ಮೇಲೇ ಬಸ್ಸಿನಲ್ಲಿ ಹೋಗುವವರೂ "ಅದು ಕೆಥೊಲಿಕ್‌ನವರದ್ದೇ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ ಮಾರಾಯ್ರೆ, ಅದು ಪ್ರೊಟೆಸ್ಟೆಂಟರದ್ದು. ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿಂದ ಬಂದ ಬಾಸೆಲ್ ಮಿಶನ್, ಈಗ ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ.

ಚರ್ಚ್ ಕಟ್ಟಿದ್ದು 1862ರಲ್ಲಿ. ಅಷ್ಟು ಹೊತ್ತಿಗೆ ಮಿಶನ್ ಮಂಗಳೂರಿಗೆ ಬಂದು 28 ವರ್ಷ ಆಗಿತ್ತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂವರು ಬಂದರು, ಎರಡು ವರ್ಷ ಬಿಟ್ಟು ಮೋಗ್ಲಿಂಗ್. ಶಾಲೆ ಶುರುವಾಯಿತು, ಕಲ್ಲಚ್ಚಿನ ಪ್ರೆಸ್ ಬಂತು, 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಗೆ ಬಂತು. ಇದೆಲ್ಲ ಪತ್ರಿಕಾ ದಿನದ ಭಾಷಣದಲ್ಲಿ ಪ್ರತಿವರ್ಷ ಕೇಳಿದ್ದೇ, ಬಿಡಿ.

ನನಗೆ ಕುತೂಹಲ ಇರುವುದು ಬೇರೆ ಕಡೆ. ಧರ್ಮ ಹೇಳಲು ಬಂದವರು ಮಗ್ಗ ಹಾಕಿದ್ದು ಯಾಕೆ, ಹಂಚು ಸುಟ್ಟದ್ದು ಯಾಕೆ? ಆಗ ಕ್ರೈಸ್ತನಾದವನಿಗೆ ಜಾತಿ ಹೋಯಿತು, ಮನೆ ಹೋಯಿತು, ಅದರ ಜೊತೆ ಕಸುಬೂ ಹೋಯಿತು. ಗೇಣಿಗೆ ಗದ್ದೆ ಕೊಟ್ಟಿದ್ದ ಧನಿ ಬಿಡಿಸಿಬಿಟ್ಟರೆ ಸಂಜೆ ಗಂಜಿಗೇನು ಗತಿ? ಮೇಲ್ಜಾತಿಯವರ ಕತೆಯೂ ಸಲೀಸಲ್ಲ. ಮೋಗ್ಲಿಂಗ್ ಬಳಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಹುಡುಗ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಅವರು ಬಾಸೆಲ್‌ಗೇ ಹೋಗಿ ಕಲಿತು ಪಾದ್ರಿಯಾಗಿ ವಾಪಸ್ ಬಂದರು. ಎಲ್ಲರಿಗೂ ಬಾಸೆಲ್‌ಗೆ ಹೋಗಲಿಕ್ಕೆ ಆಗುತ್ತದಾ? ಉಳಿದವರಿಗೆ ನೇಯ್ಗೆ, ಪ್ರೆಸ್ಸಿನ ಕೆಲಸ, ಕೊನೆಗೆ ಹಂಚಿನ ಫ್ಯಾಕ್ಟರಿ.

ಆ ಫ್ಯಾಕ್ಟರಿ ಶುರುವಾದದ್ದು 1865ರಲ್ಲಿ, ಜೆಪ್ಪುವಿನಲ್ಲಿ. ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ಬದಿಯ ಮಣ್ಣು ನೋಡಿ ಇದು ಹಂಚಿಗೆ ಆಗುತ್ತದೆ ಅಂದುಕೊಂಡರು. ಆಗಿದ್ದೂ ಹೌದು. ಹಳೆ ಮನೆ ಕೆಡವುವ ಕಡೆ ಒಂದು ಹಂಚು ಎತ್ತಿ ಮಗುಚಿ ನೋಡಿ. ಪಾಚಿ ಉಜ್ಜಿದರೆ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಅಂತ ಇಂಗ್ಲಿಷ್ ಅಕ್ಷರ ಕಾಣುತ್ತದೆ, ಜೊತೆಗೆ 1865 ಅಂತ ಇಸವಿ. ಅದನ್ನು ನೋಡಿ "ನಮ್ಮ ಮನೆಗೆ ನೂರೈವತ್ತು ವರ್ಷ" ಅಂತ ಹೇಳಿಕೊಳ್ಳುವವರು ಎಷ್ಟೋ ಮಂದಿ ಇದ್ದಾರೆ, ಪಾಪ. ಅದು ಫ್ಯಾಕ್ಟರಿ ಹುಟ್ಟಿದ ವರ್ಷ. ಒಂದು ಹಂಚಿನ ಅಂಚು ಇನ್ನೊಂದರ ತೋಡಿನಲ್ಲಿ ಕೂರುತ್ತದಲ್ಲ, ಅದರಿಂದಲೇ ನಮ್ಮ ಆಟಿ ತಿಂಗಳ ಜಡಿಮಳೆಗೂ ಮಾಡು ಸೋರುವುದಿಲ್ಲ.

ಹಾಗಂತ ಎಲ್ಲ ಒಳ್ಳೆಯದೇ ಅನ್ನಲಾರೆ. ಸಂಬಳ ಕೊಡುವುದೂ ಮಿಶನ್, ಚರ್ಚಿನ ಸಭೆ ನಡೆಸುವುದೂ ಮಿಶನ್ ಅಂದ ಮೇಲೆ ಆ ಪಾದ್ರಿ ದೊರೆಗಳಿಗೆ ಎದುರು ಮಾತಾಡುವುದು ಸುಲಭ ಇರಲಿಕ್ಕಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಶನ್‌ನಲ್ಲಿದ್ದ ಜರ್ಮನ್ ಪಾದ್ರಿಗಳನ್ನು ಹೊರಗೆ ಹಾಕಿದರು, ಫ್ಯಾಕ್ಟರಿಗಳು ಬೇರೆ ಕಂಪನಿಯ ಕೈಗೆ ಹೋದವು. ಚರ್ಚ್ ನಡೆಸುವ ಜವಾಬ್ದಾರಿ ಊರಿನವರ ಹೆಗಲಿಗೆ ಬಿತ್ತು. ಅವರು ಅದನ್ನು ನಡೆಸಿಯೂ ತೋರಿಸಿದರು. 1947ರಲ್ಲಿ ಸಿಎಸ್ಐ ಆಯಿತು, 1970ರಲ್ಲಿ ದಕ್ಷಿಣ ಕರ್ನಾಟಕಕ್ಕೆ ಬೇರೆಯೇ ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತ ಪ್ರಾಂತ ಬಂತು, ಬಲ್ಮಠದ ಚರ್ಚ್ ಅದರ ಕೆಥೆಡ್ರಲ್ ಆಯಿತು.

ನನಗೆ ಜಾಸ್ತಿ ತಮಾಷೆ ಅನಿಸುವುದು ಭೂತಾರಾಧನೆಯ ವಿಷಯ. ಪಾದ್ರಿಗಳಿಗೆ ನಮ್ಮ ದೈವಗಳು ಅಂದರೆ ಬರೀ ಪಿಶಾಚಿಗಳು. ಆದರೆ ಅದೇ ಮಿಶನ್‌ನ ಮೆನ್ನರ್ ಎಂಬ ಪಾದ್ರಿ ದೈವಗಳ ಕತೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನು ಒಟ್ಟು ಮಾಡಿ 1886ರಲ್ಲಿ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ತುಳು ನಿಘಂಟನ್ನೂ ಅದೇ ವರ್ಷ ತಂದರು. ಬಿಡಿಸಬೇಕು ಅಂತ ಬಂದ ನಂಬಿಕೆಯನ್ನೇ ಇಷ್ಟು ಜೋಪಾನವಾಗಿ ಬರೆದಿಟ್ಟದ್ದು!

ಬಲ್ಮಠಕ್ಕೆ ಹೋದರೆ ಚರ್ಚ್ ಮಾತ್ರ ನೋಡಿ ಬರಬೇಡಿ. ಅಲ್ಲೇ ಥಿಯೋಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲಿ ಮಿಶನ್ ಕಾಲದ ಪುಸ್ತಕ, ಕಾಗದಪತ್ರ ಇವೆ. ಸುಮ್ನೆ ನುಗ್ಗಬೇಡಿ, ಮೊದಲೇ ಕೇಳಿಕೊಂಡು ಹೋಗಿ.