ಕೊಡಗಿನ ಮಳೆಕಾಡಿನಲ್ಲಿ ಪ್ರಾಣಿಗಳು ಯಾಕೆ ಕಾಣುವುದಿಲ್ಲ?

ಊರಿಗೆ ಬರುವ ನೆಂಟರು, ಬೆಂಗಳೂರಿನ ಗೆಳೆಯರು, ಎಲ್ಲರದೂ ಒಂದೇ ಪ್ರಶ್ನೆ. “ಮಾಕುಟ್ಟ ಘಾಟಿಯಲ್ಲಿ ಅಷ್ಟು ದಟ್ಟ ಕಾಡಿದೆ, ಒಂದು ಜಿಂಕೆಯೂ ಕಾಣಲಿಲ್ಲ. ಕಾಡು ಖಾಲೀನಾ?”

ಖಾಲಿ ಅಲ್ಲ. ನೀವು ನೋಡಿದ್ದು ಬರೀ ನೆಲ. ಅಲ್ಲಿನ ಸಂಸಾರವೆಲ್ಲ ಅಟ್ಟದ ಮೇಲಿದೆ.

ಕೊಡಗಿನ ಕಾಡು ಎಲ್ಲ ಕಡೆ ಒಂದೇ ಥರ ಇಲ್ಲ. ಅರಬ್ಬೀ ಸಮುದ್ರದ ಮೋಡ ಮೊದಲು ಬಂದು ಬಡಿಯುವುದು ಪುಷ್ಪಗಿರಿ, ತಲಕಾವೇರಿ, ತಡಿಯಂಡಮೋಳ್, ಬ್ರಹ್ಮಗಿರಿ ಸಾಲಿಗೆ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ಮಳೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿಂದ ಸುಮಾರು 70 ಕಿ.ಮೀ. ದೂರದ ಕುಶಾಲನಗರದಲ್ಲಿ ಅದರ ಕಾಲುಭಾಗ ಸುರಿದರೆ ಜಾಸ್ತಿ. ಮಳೆ ಇಳಿದ ಈ ಪೂರ್ವದ ಕಡೆಯೇ ನಾಗರಹೊಳೆ. ಅಲ್ಲಿ ಬೇಸಿಗೆಗೆ ಎಲೆ ಉದುರುತ್ತದೆ, ಬಿಸಿಲು ಬೀಳುತ್ತದೆ, ಹುಲ್ಲು ಬೆಳೆಯುತ್ತದೆ. ಹುಲ್ಲಿದ್ದಲ್ಲಿ ಜಿಂಕೆ, ಕಾಟಿ (ಕಾಡುಕೋಣ). ಅವುಗಳ ಹಿಂದೆ ಹುಲಿ. ಮಾಕುಟ್ಟದಂಥ ಪಶ್ಚಿಮದ ಕಾಡಿನಲ್ಲಿ ಬಿಸಿಲು ನೆಲ ಮುಟ್ಟುವುದೇ ಅಪರೂಪ. ಹಣ್ಣು, ಚಿಗುರು ಎಲ್ಲ ಮೇಲೆ, ಹಾಗಾಗಿ ತಿನ್ನುವವರೂ ಮೇಲೆ: ಕೆಂದಳಿಲು, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕ. ಆನೆ ಇಲ್ಲೂ ಓಡಾಡುತ್ತದೆ. ಆದರೆ ಕಣ್ಣಿಗೆ ಬೀಳುವುದು ಲದ್ದಿಯೇ ಹೆಚ್ಚು.

ನನ್ನನ್ನು ಕೇಳಿದರೆ, ಈ ಕಾಡಿನಲ್ಲಿ ಹುಲಿಗಿಂತ ನೋಡಬೇಕಾದ್ದು ದೊಡ್ಡ ಕೊಕ್ಕಿನ ಹಕ್ಕಿ ಮಂಗಟ್ಟೆ (ಹಾರ್ನ್‌ಬಿಲ್). ಹಕ್ಕಿ ಕಾಣುವ ಮೊದಲೇ ಅದರ ರೆಕ್ಕೆಯ ಬುಸ್ ಬುಸ್ ಸದ್ದು ಕೇಳುತ್ತದೆ. ಮರಿ ಮಾಡುವ ಕಾಲಕ್ಕೆ ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು, ಬಾಗಿಲಿಗೆ ಹಿಕ್ಕೆ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಯುತ್ತದೆ. ಗಂಡು ಗಂಟಲಲ್ಲಿ ತುಂಬಿಕೊಂಡು ಬಂದ ಅತ್ತಿ, ಗೋಳಿ ಹಣ್ಣನ್ನು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಒಳಗೆ ದಾಟಿಸುತ್ತದೆ. ವಾರಗಟ್ಟಲೆ ಇದೇ ಕೆಲಸ. ಪೊಟರೆ ಬೀಳಬೇಕಾದರೆ ಮರಕ್ಕೆ ವಯಸ್ಸಾಗಬೇಕು, ಅಲ್ವಾ? ನಮ್ಮ ದೇವರಕಾಡುಗಳಲ್ಲಿ ಕೊಡಲಿ ಬೀಳದ ಮರಗಳಿಗೆ ಅದಕ್ಕೇ ಅಷ್ಟು ಬೆಲೆ.

ಹುಲಿ ನೋಡಲೇಬೇಕು ಅನ್ನುವವರು ಸುಮ್ನೆ ಮಾಕುಟ್ಟದಲ್ಲಿ ಕಾಯಬೇಡಿ, ನಾಗರಹೊಳೆ ಕಡೆ ಹೋಗಿ. ಮಳೆಕಾಡಿಗೇ ಬರುವುದಾದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಹಣ್ಣು ಬಿಟ್ಟ ಗೋಳಿ ಮರ ಸಿಕ್ಕರೆ ಸ್ವಲ್ಪ ದೂರದಲ್ಲಿ ಕೂತು, ಒಂದೆರಡು ಗಂಟೆ ಮಾತಾಡದೆ ಮೇಲೆ ನೋಡುತ್ತಿರಿ. ಜೂನ್ ಕಳೆದು ಬಂದರೆ ಯಾವ ಜೀವಿಯನ್ನೂ ಹುಡುಕುವ ಕಷ್ಟವಿಲ್ಲ. ಜಿಗಣೆಗಳೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ.