ಬೀದರ್ ಸುತ್ತ ಒಂದು ಓಟ: ಇಳಿಯುವುದು ಮೊದಲು, ಏರುವುದು ಆಮೇಲೆ

ಯುರೋಪಿನ ಮಾಂಟ್ ಬ್ಲಾಂಕ್ ಪರ್ವತದ ಸುತ್ತ ಸುಮಾರು 170 ಕಿ.ಮೀ. ಓಡುವವರ ವಿಡಿಯೋ ನೋಡಿ ನೋಡಿ ನನ್ನ ತಮ್ಮನಿಗೆ ಹುಚ್ಚು ಹತ್ತಿತ್ತು. ಅವರು ಹೊರಡುವ ಶಾಮೋನಿ ಊರು ಕಣಿವೆಯಲ್ಲಿದೆ. ಮೊದಲು ಏರುತ್ತಾರೆ, ಕೊನೆಗೆ ಇಳಿದು ಊರು ಸೇರುತ್ತಾರೆ. ಕಲಬುರಗಿಯವರಾದ ನಮಗೆ ಅಂಥ ಬೆಟ್ಟ ಎಲ್ಲಿಂದ ಬರಬೇಕು? ಬೀದರಿಗೆ ಹೋದೆವು. ಅಲ್ಲಿ ಲೆಕ್ಕ ಉಲ್ಟಾ. ಊರೇ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಮುರುಮಿನ (ಜಂಬಿಟ್ಟಿಗೆ ಕಲ್ಲಿನ) ದಿಬ್ಬದ ಮೇಲಿದೆ, ಹೊಲಗಳು ಕೆಳಗಿವೆ. ಅಂದರೆ ಆರಾಮಾಗಿ ಇಳಿದು ಹೋಗಿ, ಕಾಲು ಸೋತ ಮೇಲೆ, ಬಿಸಿಲೇರಿದ ಮೇಲೆ, ದಿಬ್ಬ ಹತ್ತಬೇಕು. ಈ ಮಾತು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ.

ಹಿಂದಿನ ಸಂಜೆಯೇ ಹೋಗಿ ಉಳಿಯಿರಿ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬಸ್ಸುಗಳಿವೆ. 2017ರಲ್ಲಿ ರೈಲು ಮಾರ್ಗವೂ ಆಗಿದೆ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಬೇಸಿಗೆಯಲ್ಲಿ ಬೇಡವೇ ಬೇಡ. ಮಳೆಗಾಲದಲ್ಲಿ ಕೆಳಗಿನ ಎರೆಮಣ್ಣು ಬೂಟಿಗೆ ಅಂಟಿ, ಒಂದೊಂದು ಕಾಲೂ ಎರಡು ಕೆಜಿ ಆದಂತೆ ಅನಿಸುತ್ತದೆ.

ಬೆಳಗಿನ ಆರಕ್ಕೆ ಚೌಬಾರಾ ಹತ್ತಿರ ಶುರು ಮಾಡಿದೆವು. 71 ಅಡಿಯ ಈ ಗುಂಡನೆ ಗೋಪುರ ಊರ ನಡುವೆ ಇದೆ, ದಾರಿ ತಪ್ಪಿದರೂ ಇದನ್ನು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅಲ್ಲಿಂದ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. 1472ರ ಕಟ್ಟಡ. ನೀಲಿ ಹೆಂಚಿನ ಚೂರುಗಳು ಇನ್ನೂ ಗೋಡೆಗೆ ಅಂಟಿಕೊಂಡಿವೆ. ತಮ್ಮ ಓಡುತ್ತಲೇ ಫೋಟೋ ತೆಗೆದ, ಎಲ್ಲವೂ ಮಸುಕು. ಮುಂದೆ ಕೋಟೆಯ ಕಂದಕ. ಬಂಡೆಯನ್ನೇ ಮೂರು ಸಾಲಾಗಿ ಕಡಿದು ಮಾಡಿದ್ದು. ಕೋಟೆಯೊಳಗೆ ಓಡಲು ಹೋಗಬೇಡಿ, ಅದನ್ನು ಸಂಜೆ ನಿಧಾನಕ್ಕೆ ನೋಡಿ.

ಅಷ್ಟೂರಿನ ದಾರಿ ಹಿಡಿದರೆ ಇಳಿಜಾರು. ಚೌಖಂಡಿ ಎಂಬ ಹಳೇ ಗೋರಿ ಕಟ್ಟಡ ದಾಟಿ ಡಾಂಬರು ಬಿಟ್ಟು ಕಾಲುದಾರಿಗೆ ಇಳಿದೆವು. ನಾನು ಬಿದ್ದದ್ದು ಇಲ್ಲೇ. ಮುರುಮಿನ ಬಂಡೆ ದೂರದಿಂದ ಮೆತ್ತಗೆ ಕಾಣುತ್ತದೆ, ಹತ್ತಿರ ಬಂದರೆ ಜೇನುಹುಟ್ಟಿನಂತೆ ತೂತು ತೂತು. ಅದರ ಮೇಲೆ ಸಣ್ಣ ಕೆಂಪು ಹರಳು, ರಾಗಿ ಚೆಲ್ಲಿದ ಹಾಗೆ. ಕಾಲು ಜಾರಿತು, ಅಂಗೈ ಊರಿದೆ, ತುರಿಮಣೆಗೆ ತಿಕ್ಕಿದಂತಾಯಿತು. ರಕ್ತ ಯಾವುದು, ಮಣ್ಣು ಯಾವುದು ಅಂತ ಗೊತ್ತಾಗದಷ್ಟು ಕೆಂಪು. ಆದ್ದರಿಂದ ಹೆಜ್ಜೆ ಚಿಕ್ಕದಿರಲಿ. ತಳ ಸವೆದ ಹಳೇ ಬೂಟು ಬೇಡ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಅಹಮದ್ ಶಾ ಮಲಗಿರುವುದೂ ಇಲ್ಲೇ. ನಮ್ಮೂರು ಬಿಟ್ಟು ಬಂದವನು ಅಂತ ತಮ್ಮ ಸ್ವಲ್ಪ ಸಿಟ್ಟು ಮಾಡಿಕೊಂಡ. ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಗುಮ್ಮಟ ಸಿಡಿಲಿಗೆ ಸೀಳಿ, ಅರ್ಧ ಕಡಿದ ಕಲ್ಲಂಗಡಿಯಂತೆ ನಿಂತಿದೆ. ನೀರಿನ ಬಾಟಲಿ ಇಲ್ಲೇ ತುಂಬಿಸಿಕೊಳ್ಳಿ. ನಾವು ತುಂಬಿಸಲಿಲ್ಲ. ಮುಂದೆ ಒಂದು ಅಂಗಡಿಯೂ ಸಿಗಲಿಲ್ಲ.

ಇಲ್ಲಿಂದ ದಿಬ್ಬದ ಬುಡ ಹಿಡಿದು ತೊಗರಿ ಹೊಲಗಳ ಬದುವಿನ ಮೇಲೆ ಓಟ. ಇಬ್ಬನಿಗೆ ಮೊಣಕಾಲವರೆಗೆ ಒದ್ದೆ. ಬೇರೆಯವರ ಹೊಲ, ಬೆಳೆ ತುಳಿಯಬೇಡಿ. ನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯಿರಿ, ಅವು ಸುಮ್ಮನಾಗುತ್ತವೆ. ಒಬ್ಬ ಅಜ್ಜಿ ಕುಡುಗೋಲು ಹಿಡಿದುಕೊಂಡೇ ನಮ್ಮನ್ನು ನಿಲ್ಲಿಸಿದಳು.

“ಯಾಕ್ರೋ ತಮ್ಮಾ, ಹಿಂಗ್ಯಾಕ ಓಡ್ಲತ್ತೀರಿ? ಎಮ್ಮಿ ತಪ್ಪಿಸ್ಕೊಂಡದೇನು?”

“ಇಲ್ಲ ಆಯಿ, ಸುಮ್ನೆ.”

“ಸುಮ್ನೆನಾ?” ಅಂತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ತಂಬಿಗೆಯಲ್ಲಿ ನೀರು ಕೊಟ್ಟಳು.

ದಿಬ್ಬ ಏರುವ ಮೊದಲು ಝರಣಿ ನರಸಿಂಹನ ಗುಡಿ. ಮುರುಮು ಮಳೆ ನೀರನ್ನು ಕುಡಿಯುತ್ತದೆ, ಅದರ ಕೆಳಗಿನ ಗಟ್ಟಿ ಕಲ್ಲು ಬಿಡುವುದಿಲ್ಲ. ಹಾಗಾಗಿ ದಿಬ್ಬದ ಅಂಚಿನಲ್ಲಿ ನೀರು ಹೊರಬಂದು ಝರಿಗಳಾಗಿವೆ. ಊರಿನ ಗುರುದ್ವಾರವಾದ ಗುರುನಾನಕ್ ಝೀರಾದ ನೀರೂ ಹೀಗೆಯೇ. ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಮೇಲೆ ಬಾವಲಿಗಳು. ಓಟದ ಮಧ್ಯದಲ್ಲಿ ನೀರಿಗೆ ಇಳಿದರೆ ಒದ್ದೆ ಬಟ್ಟೆಯಲ್ಲಿ ದಿಬ್ಬ ಹತ್ತಬೇಕಾಗುತ್ತದೆ, ತೊಡೆ ಉಜ್ಜಿ ಗಾಯವಾಗುತ್ತದೆ. ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಆಮೇಲಿನ ಏರು ಉದ್ದವೇನಲ್ಲ, ಆದರೆ ಅಷ್ಟರಲ್ಲಿ ಒಂಬತ್ತು ಗಂಟೆ. ನಾವು ಓಡಲಿಲ್ಲ, ಮೊಣಕಾಲಿಗೆ ಕೈ ಕೊಟ್ಟು ನಡೆದೆವು. ತಲೆ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ಗುಡುಗಿ ಹೋದವು. ಅವರ ನೆಲೆ ಊರಿಗೆ ಅಂಟಿಕೊಂಡೇ ಇದೆ, ಡ್ರೋನ್ ತರುವ ಯೋಚನೆ ಇದ್ದರೆ ಮನೆಯಲ್ಲೇ ಬಿಡಿ. ಚೌಬಾರಾ ಮುಟ್ಟಿದಾಗ ನನ್ನ ವಾಚಿನಲ್ಲಿ 13 ಕಿ.ಮೀ. ಚಿಲ್ಲರೆ. ಹೊಸಬರು ಮೂರೂವರೆ ಗಂಟೆ ಇಟ್ಟುಕೊಳ್ಳಿ.

ಸ್ನಾನ ಮುಗಿಸಿ ಗುರುನಾನಕ್ ಝೀರಾಕ್ಕೆ ಹೋದೆವು. ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರಿನ, ಅಂದರೆ ಅಲ್ಲಿನ ಉಚಿತ ಊಟದ, ಸಾಲಿನಲ್ಲಿ ಕೂತೆವು. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಬಡಿಸುತ್ತಿದ್ದ ಹಿರಿಯರು ನನ್ನ ಅಂಗೈ ನೋಡಿದರು, ಏನೂ ಕೇಳಲಿಲ್ಲ, ಇನ್ನೊಂದು ರೊಟ್ಟಿ ಇಟ್ಟು ಮುಂದೆ ಹೋದರು.