ಬಾಗಿಲಿಗೆ ಹಿಡಿಕೆ ಇಲ್ಲದ ಕಾರು

30 ಜೂನ್ 2024, ಭಾನುವಾರ
ಬೌಲಿಂಗ್ ಗ್ರೀನ್, ಕೆಂಟಕಿ

ಕೊನೆಗೂ ಕಾರ್ವೆಟ್ ಮ್ಯೂಸಿಯಂ ನೋಡಿದೆ. ಕಾರ್ವೆಟ್ ಅಂದರೆ ಜನರಲ್ ಮೋಟರ್ಸ್ ಕಂಪನಿಯ ಷೆವ್ರೊಲೆ ವಿಭಾಗದ ಸ್ಪೋರ್ಟ್ಸ್ ಕಾರು. ಜೊತೆಗೆ ಅಣ್ಣನ ಮಗ ಇದ್ದ. ಈ ದಿನವನ್ನು ಬೇಕಂತಲೇ ಆರಿಸಿದ್ದೆ. 1953ರಲ್ಲಿ ಇದೇ ಜೂನ್ 30ರಂದು ಮಿಶಿಗನ್‌ನ ಫ್ಲಿಂಟ್ ಕಾರ್ಖಾನೆಯಿಂದ ಮೊದಲ ಕಾರ್ವೆಟ್ ಹೊರಬಂತು.

ಬಿಳಿ ಮೈ, ಕೆಂಪು ಸೀಟು. ಆ ವರ್ಷದ 300 ಕಾರುಗಳೂ ಹೀಗೇ ಇದ್ದವು. ಹುಡುಗ ಒಂದು ಸುತ್ತು ಬಂದು ಕೇಳಿದ, "ಚಿಕ್ಕಪ್ಪ, ಬಾಗಿಲು ತೆಗೆಯೋದು ಹೇಗೆ? ಹಿಡಿಕೇನೇ ಇಲ್ವಲ್ಲ." ಹೌದು, ಹೊರಗೆ ಹಿಡಿಕೆ ಇಲ್ಲ. ಕೈ ಒಳಗೆ ಹಾಕಿ ತೆಗೆಯಬೇಕು. ಏರಿಸಿ ಇಳಿಸುವ ಗಾಜೂ ಇಲ್ಲ, ಮಳೆ ಬಂದರೆ ಪಕ್ಕಕ್ಕೆ ಪರದೆ ಸಿಕ್ಕಿಸಬೇಕು.

ಅವಸರದ ಕೂಸು ಇದು. ಯುದ್ಧ ಮುಗಿಸಿ ಬಂದ ಅಮೆರಿಕದ ಹುಡುಗರು ಇಂಗ್ಲೆಂಡಿನ ಎಂಜಿ, ಜಾಗ್ವಾರ್ ಸ್ಪೋರ್ಟ್ಸ್ ಕಾರುಗಳಿಗೆ ಮನಸೋತಿದ್ದರು. ನಮ್ಮಲ್ಲೇ ಇಂಥದ್ದೊಂದು ಯಾಕಿರಬಾರದು ಅಂತ ಜನರಲ್ ಮೋಟರ್ಸ್‌ನ ವಿನ್ಯಾಸದ ಮುಖ್ಯಸ್ಥ ಹಾರ್ಲಿ ಅರ್ಲ್‌ಗೆ ಅನಿಸಿತು. ರಾಬರ್ಟ್ ಮೆಕ್‌ಲೀನ್ ಎಂಬ ಯುವಕ ನಕ್ಷೆಯನ್ನು ಹಿಂದಿನ ಚಕ್ರದಿಂದ ಶುರುಮಾಡಿದ. ಅದರ ಮುಂದೆ ಸೀಟು, ಅದಕ್ಕೆ ತಾಗಿದಂತೆ ಎಂಜಿನ್. ಆ ಉದ್ದ ಮೂತಿ ಬಂದದ್ದು ಹೀಗೆ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ ಇಟ್ಟರು. ಜನ ಮುಗಿಬಿದ್ದರು. ಆರು ತಿಂಗಳೊಳಗೆ ಕಾರ್ಖಾನೆಯಲ್ಲಿ ಕೆಲಸ ಶುರು! ಉಕ್ಕಿನ ಅಚ್ಚು ಮಾಡಲು ಖರ್ಚೂ ಜಾಸ್ತಿ, ಸಮಯವೂ ಜಾಸ್ತಿ. ಹಾಗಾಗಿ ಮೈಯೆಲ್ಲ ಫೈಬರ್‌ಗ್ಲಾಸ್. ಅದು ರೇಡಿಯೋ ಅಲೆಗಳನ್ನು ತಡೆಯುವುದಿಲ್ಲ, ಅದಕ್ಕೇ ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಹುದುಗಿಸಿದ್ದರು. ನನಗೆ ತುಂಬಾ ಹಿಡಿಸಿದ ಸಂಗತಿ ಇದು.

ಆದರೆ ಒಳಗಿನ ಸರಕು ಮನೆಮಂದಿಯ ಕಾರಿನದು. ಆರು ಸಿಲಿಂಡರು, 150 ಅಶ್ವಶಕ್ತಿ, ಎರಡೇ ಗೇರಿನ ಆಟೋಮ್ಯಾಟಿಕ್. ಬೆಲೆ ಮಾತ್ರ 3,498 ಡಾಲರ್. 1955ರಲ್ಲಿ ತಯಾರಾದದ್ದು ಬರೀ 700. ಮುಚ್ಚಿಬಿಡುವ ಮಾತೂ ಬಂತು.

ಇದನ್ನು ಉಳಿಸಿದವರಲ್ಲಿ ನನಗೆ ದೊಡ್ಡವನು ಎಂಜಿನಿಯರ್ ಝೋರಾ ಅರ್ಕಸ್ ಡಂಟೋವ್. ಬ್ರಸೆಲ್ಸ್‌ನಲ್ಲಿ ಹುಟ್ಟಿದ, ರಷ್ಯನ್ ತಂದೆತಾಯಿಯ ಮಗ. ಆ ಹೋಟೆಲಿನಲ್ಲಿ ಕಾರು ನೋಡಿ ಮರುಳಾದ, ಒಳಗೇನಿದೆ ಅಂತ ತಿಳಿದು ಬೇಸರಪಟ್ಟ. ಸುಮ್ನೆ ಮನೆಗೆ ಹೋಗಲಿಲ್ಲ, ಷೆವ್ರೊಲೆಗೆ ಕಾಗದ ಬರೆದ. ಅದೇ ವರ್ಷ ಮೇ ತಿಂಗಳಲ್ಲಿ ಕೆಲಸಕ್ಕೆ ಸೇರಿದ. ವೇಗದ ಹುಚ್ಚಿರುವ ಹುಡುಗರನ್ನು ಫೋರ್ಡ್ ಕಡೆಯಿಂದ ನಮ್ಮ ಕಡೆ ಸೆಳೆಯಬೇಕು ಅಂತ ಡಿಸೆಂಬರಿನಲ್ಲಿ ಮೇಲಿನವರಿಗೆ ಟಿಪ್ಪಣಿ ಕಳಿಸಿದ. 1955ರಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ಬಂತು, 195 ಅಶ್ವಶಕ್ತಿ. ಆಗ ನೋಡಿ, ರೂಪಕ್ಕೆ ತಕ್ಕ ಜೀವ ಬಂತು. ಹೊರಗಿನಿಂದ ಬಂದವನೊಬ್ಬ ಬೇರೆಯವರ ಕನಸನ್ನು ಇಷ್ಟು ತನ್ನದು ಮಾಡಿಕೊಳ್ಳುವುದು ಸಣ್ಣ ಮಾತಲ್ಲ, ಅಲ್ವಾ?

ಅವನ ಚಿತಾಭಸ್ಮ ಇರುವುದೂ ಇದೇ ಮ್ಯೂಸಿಯಂನಲ್ಲಿ. ಅಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಎಂಜಿನ್ ಸೀಟಿನ ಹಿಂದೆ ಇರಬೇಕು ಅಂತ ಅವನು ವರ್ಷಗಟ್ಟಲೆ ಹಟ ಹಿಡಿದಿದ್ದ. 1996ರಲ್ಲಿ ತೀರಿಕೊಂಡಾಗಲೂ ಅದು ಆಗಿರಲಿಲ್ಲ.

ಹೊರಗೆ ಪಾರ್ಕಿಂಗಿನಲ್ಲಿ 2020ರ ಕೆಂಪು ಕಾರ್ವೆಟ್ ನಿಂತಿತ್ತು. ಹುಡುಗ ಹಿಂದಿನ ಗಾಜಿಗೆ ಮುಖ ಒತ್ತಿ ಕೂಗಿದ, "ಚಿಕ್ಕಪ್ಪ, ಎಂಜಿನ್ ಇಲ್ಲಿದೆ!"